ದೇವರ ಕೋಣೆ ಸೇರಿದ ಕರು

ಮಾನ್ಯ ಔಷಧ ನಿಯಂತ್ರಕರೇ,

ತಾವು ಮಾರಲು ಬಿಟ್ಟ ಸೀಸೆಯೊಂದು ನಮ್ಮ ದೇವರ ಕೋಣೆಗೆ ಕರುವನ್ನು ತಂದು ಕೂರಿಸಿತು. ಅದಕ್ಕಿಂತ ಹೆಚ್ಚಾಗಿ, ನನ್ನ ತಾಯಿ ಕಲ್ಲಮ್ಮನವರು ಎಲ್ಲ ಔಷಧವನ್ನೂ ಬಿಡುವಂತೆ ಮಾಡಿತು.

ಅಮ್ಮನಿಗೆ ಕ್ಷಯ. ಸರ್ಕಾರಿ ಆಸ್ಪತ್ರೆಯ ಮಾತ್ರೆಗಳಿಂದ ಜ್ವರ ಇಳಿದಿತ್ತು. ಆದರೂ ಸೊರಗಿದ್ದಾರಲ್ಲ ಎಂದು ತರೀಕೆರೆಯ ಖಾಸಗಿ ವೈದ್ಯರೊಬ್ಬರಿಗೆ ತೋರಿಸಿದೆ. ಅವರು ಹೊರದೇಶದ ಇಂಜೆಕ್ಷನ್ ಬರೆದುಕೊಟ್ಟರು. ಥೈಮಸ್ ಎಂಬ ಗ್ರಂಥಿಯ ಪೆಪ್ಟೈಡ್ ಸಾರವಂತೆ. ರೋಗನಿರೋಧಕ ಶಕ್ತಿಯನ್ನು ತಿದ್ದುತ್ತದಂತೆ. ಯಾವ ಕಡೆಗೆ ತಿದ್ದುತ್ತದೆ ಎಂದು ಕೇಳಿದೆ. ಕಡಿಮೆಯಿದ್ದರೆ ಏರಿಸುತ್ತದೆ, ಹೆಚ್ಚಿದ್ದರೆ ಇಳಿಸುತ್ತದೆ ಎಂದರು. ಇಷ್ಟು ವಿವೇಕವುಳ್ಳ ವಸ್ತು ಸೀಸೆಯಲ್ಲೇಕಿದೆ ಮಾನ್ಯರೇ? ತಮ್ಮ ಕಚೇರಿಯಲ್ಲಿರಬೇಕಿತ್ತು. ಯಾರ ಗ್ರಂಥಿ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ, ಪೆಟ್ಟಿಗೆಯ ಮೇಲೆ ತಾವೂ ಬರೆಸಲಿಲ್ಲ.

ತಂಪಾದ ಜಾಗದಲ್ಲಿಡಿ ಎಂದಿದ್ದರು. ಫ್ರಿಜ್ಜಿಲ್ಲದ ನಮ್ಮ ಮನೆಯಲ್ಲಿ ಬಿಸಿಲು ಕಾಣದ ಜಾಗ ದೇವರ ಕೋಣೆಯೊಂದೇ. ಅಮ್ಮ ಸೀಸೆಗಳಿಗೆ ಒದ್ದೆ ಬಟ್ಟೆ ಸುತ್ತಿ, ಪೂಜೆಯ ತಂಬಿಗೆಯ ಪಕ್ಕದಲ್ಲಿಟ್ಟರು. ಲಿಂಗಪೂಜೆ ಮುಗಿದ ಮೇಲೆ ಅವಕ್ಕೂ ವಿಭೂತಿ ಹಚ್ಚುತ್ತಿದ್ದರು.

ಹಸು ನೋಡಲು ಬಂದ ಪಶುವೈದ್ಯ ತೀರ್ಥಪ್ಪನವರು ತಮ್ಮ ಲಸಿಕೆ ಇಡಲು ತಂಪು ಜಾಗ ಕೇಳಿದರು. ಅಮ್ಮ ಹೆಮ್ಮೆಯಿಂದ ತಮ್ಮ ಸೀಸೆ ತೋರಿಸಿದರು. ಹೆಸರು ಓದಿದ್ದೇ ತಡ, ಅವರಿಗೆ ನಗು ತಡೆಯಲಾಗಲಿಲ್ಲ.

"ಕಲ್ಲಮ್ನೋರೇ, ಇದನ್ನ ಎಳೆಗರು ಕೊಯ್ದು ಅದರ ಕೊರಳಿಂದ ತೆಗೀತಾರೆ ಕಣ್ರೀ. ವಿಭೂತಿ ಬೇರೆ ಹಚ್ಚಿದ್ದೀರಲ್ಲ."

ಮೊಟ್ಟೆಯ ಅಂಗಡಿ ದಾಟುವಾಗಲೂ ಸೆರಗಿನಿಂದ ಮೂಗು ಮುಚ್ಚುವ ಅಮ್ಮ ನಗಲಿಲ್ಲ. ಕೊಟ್ಟಿಗೆಗೆ ಹೋಗಿ ನಮ್ಮ ಕರುವಿನ ಕೊರಳು ಸವರುತ್ತಾ ಬಹಳ ಹೊತ್ತು ನಿಂತರು. ಬಂದವರೇ ಸರ್ಕಾರಿ ಮಾತ್ರೆಗಳನ್ನೂ ಪಕ್ಕಕ್ಕಿಟ್ಟರು.

"ಇದ್ರೊಳಗೆ ಯಾವ್ ಜೀವ ಐತೋ ಯಾರಿಗ್ಗೊತ್ತು? ನಾ ನುಂಗಲ್ಲ."

ಈಗ ಜ್ವರ ಮರಳಿದೆ, ನನಗೆ ಭಯವಾಗಿದೆ. ಮಾತ್ರೆಯಲ್ಲಿ ಕರುವಿಲ್ಲ ಎಂದು ಆಸ್ಪತ್ರೆಯವರು ಹೇಳಿದರೆ, ಸೀಸೆ ಕೊಟ್ಟವರೂ ಡಾಕ್ಟರೇ ಅಲ್ಲವೇ ಎನ್ನುತ್ತಾರೆ ಅಮ್ಮ. ಏನೆಂದು ಉತ್ತರಿಸಲಿ? ಆ ಸಾರದಿಂದ ಯಾರಿಗಾದರೂ ಗುಣವಾದದ್ದನ್ನು ತಾವಾದರೂ ನೋಡಿದ್ದೀರಾ?

ಯಾವ ಪ್ರಾಣಿ, ಯಾವ ಅಂಗ, ಗುಣವಾಗುತ್ತದೆ ಎನ್ನಲು ಏನು ಪುರಾವೆ ಎಂದು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಬರೆಸಿ. ಪುರಾವೆಯಿಲ್ಲದಿದ್ದರೆ ಕರುವನ್ನು ಅದರ ತಾಯಿಗೇ ಬಿಡಿ. ಅದೆಲ್ಲಕ್ಕಿಂತ ಮೊದಲು, ಕ್ಷಯದ ಮಾತ್ರೆಯಲ್ಲಿ ಏನೇನಿದೆ ಎಂದು ಒಂದು ಕಾರ್ಡು ಹಾಕಿ. ಸರ್ಕಾರದ ಮೊಹರಿದ್ದರೆ ನುಂಗುತ್ತಾರಂತೆ. ಇಷ್ಟಾದರೂ ಅಮ್ಮ ತಮ್ಮನ್ನು ನಂಬಿದ್ದಾರೆ. ಬೇಗ ಬರೆಯಿರಿ, ನನ್ನ ತಾಯಿಯನ್ನೂ ನನಗೆ ಬಿಡಿ.

ಇಂತಿ,
ದಿನವೂ ಅಂಚೆಯವನ ದಾರಿ ಕಾಯುವ
ಬೆನಕಪ್ಪ
ಶಿವನಿ, ತರೀಕೆರೆ ತಾಲ್ಲೂಕು, ೧೯೮೬