ಎಂಜಿನ್ ಆರಿಸಿ ನಿಂತವನ ಅಹವಾಲು

ಮಾನ್ಯ ಹೊಗೆ ತಪಾಸಣಾ ಅಧಿಕಾರಿಗಳೇ,

ನಿಮ್ಮ ಕೇಂದ್ರದ ಅಂಗಳದಲ್ಲಿ ನೀವೇ ಹಾಕಿಸಿದ ಒಂದು ಬೋರ್ಡಿನಿಂದಾಗಿ ನನ್ನ ಕಾರು ಮೂರು ಸಲ ಫೇಲಾಗಿದೆ. ಅದರ ಗಾಜಿಗೆ ಕೆಂಪು ಚೀಟಿ ಅಂಟಿದೆ. ಶ್ವಾಸಕೋಶದ ಕಾಯಿಲೆಯ ನನ್ನ ಹೆಂಡತಿ ಐದು ವಾರಗಳಿಂದ ಆಸ್ಪತ್ರೆಗೆ ಹೋಗಿಲ್ಲ. ಸುತ್ತಿ ಬಳಸಿ ಹೇಳುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ. ಮುಚ್ಚಿದ ಲಕೋಟೆಯಲ್ಲಿ ಕಳಿಸಿದ ನಾಲ್ಕು ಪತ್ರಗಳಿಗೂ 'ಪರಿಶೀಲನೆಯಲ್ಲಿದೆ' ಎಂಬ ಒಂದೇ ಉತ್ತರ ಬಂದಿದ್ದರಿಂದ ಈ ಐದನೆಯದನ್ನು ಊರೆಲ್ಲ ಓದಲಿ ಎಂದು ಬರೆಯುತ್ತಿದ್ದೇನೆ.

ನಾನು ತಪಾಸಣೆಯ ವಿರೋಧಿಯಲ್ಲ. ವಿರೋಧಿಯಾದರೆ ನನಗೆ ಮನೆಯೊಳಗೆ ಜಾಗವಿಲ್ಲ. ನನ್ನಾಕೆ ಇಪ್ಪತ್ತಾರು ವರ್ಷ ಮುಖ್ಯರಸ್ತೆಯ ಶಾಲೆಯಲ್ಲಿ ಪಾಠ ಹೇಳಿದವಳು. ಕಿಟಕಿ ತೆರೆದರೆ ಬಸ್ಸಿನ ಹೊಗೆ, ಮುಚ್ಚಿದರೆ ಸೆಕೆ. ಮಕ್ಕಳು ಕೆಮ್ಮುವುದನ್ನು ನೋಡಲಾರದೆ ಮನೆಮನೆ ಅಲೆದು ನಾನೂರ ಹನ್ನೆರಡು ಸಹಿ ಸಂಗ್ರಹಿಸಿ, ಈ ಊರಿಗೊಂದು ತಪಾಸಣಾ ಕೇಂದ್ರ ಬೇಕೆಂದು ನಿಮ್ಮ ಕಚೇರಿಗೆ ಅರ್ಜಿ ಕೊಟ್ಟವಳು ಅವಳೇ. ಕೇಂದ್ರ ಬಂತು, ಸಂತೋಷ. ಆದರೆ ಅಷ್ಟರಲ್ಲಿ ಅವಳ ಮೂಗಿಗೆ ಆಮ್ಲಜನಕದ ನಳಿಕೆಯೂ ಬಂದಿತ್ತು.

ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಉಸಿರಾಟದ ವ್ಯಾಯಾಮ. ನರ್ಸಮ್ಮ ಕಾರಿಡಾರಿನಲ್ಲಿ ನಡೆಸಿ ಹೆಜ್ಜೆ ಎಣಿಸುತ್ತಿದ್ದರು. ಮೊದಲ ದಿನ ನಲವತ್ತು ಹೆಜ್ಜೆಗೆ ಕುಳಿತವಳು ಎಂಟು ತಿಂಗಳಲ್ಲಿ ಮುನ್ನೂರರ ತನಕ ಕೂರದೆ ನಡೆದಳು. ಸಿಲಿಂಡರ್ ಹೊತ್ತು ಬಸ್ ಹತ್ತಲಾಗದು, ಸಿಲಿಂಡರ್ ಕಂಡರೆ ಟ್ಯಾಕ್ಸಿಯವರು ನಿಲ್ಲಿಸುವುದಿಲ್ಲ. ನಮಗಿದ್ದದ್ದು ಹದಿನಾಲ್ಕು ವರ್ಷದ ಈ ಕಾರೊಂದೇ.

ಇನ್ನು ನಿಮ್ಮ ಬೋರ್ಡಿನ ವಿಷಯ. ಗೇಟಿನೊಳಗೆ ಕಾಲಿಡುತ್ತಲೇ ಆಳೆತ್ತರದ ಅಕ್ಷರಗಳಲ್ಲಿ ಬರೆದಿದೆ: 'ಸರದಿಯಲ್ಲಿರುವ ವಾಹನಗಳು ಕಡ್ಡಾಯವಾಗಿ ಎಂಜಿನ್ ಆರಿಸತಕ್ಕದ್ದು. ಪರಿಸರ ಉಳಿಸಿ.' ನಾನು ಆರಿಸಿದೆ. ಸರದಿ ಎರಡು ಗಂಟೆಯದು. ಮುಂದಿನ ಗಾಡಿ ಸರಿದಾಗಲೆಲ್ಲ ಇಳಿದು, ಬಾಗಿಲ ಪಕ್ಕ ಭುಜ ಕೊಟ್ಟು, ಅರವತ್ತೆಂಟರ ಈ ಮೈಯಿಂದ ಕಾರನ್ನು ತಳ್ಳಿದೆ. ಎಂಥ ಆದರ್ಶ ನಾಗರಿಕ! ಒಳಗೆ ಹೋಗಿ ಎಂಜಿನ್ ಶುರು ಮಾಡಿದ ಕೂಡಲೇ ಹೊಗೆಕೊಳವೆಗೆ ಸಲಾಕೆ ತೂರಿಸಿದರು, ಯಂತ್ರ ಫೇಲ್ ಎಂದಿತು.

ನಮ್ಮ ಮೆಕ್ಯಾನಿಕ್ ಏರ್ ಫಿಲ್ಟರ್ ಬದಲಿಸಿದ, ಸ್ಪಾರ್ಕ್ ಪ್ಲಗ್ ಬದಲಿಸಿದ, ಎಂಜಿನ್ ಆಯಿಲ್ ಬದಲಿಸಿದ. ಮತ್ತೆ ಸರದಿ, ಮತ್ತೆ ತಳ್ಳಾಟ, ಮತ್ತೆ ಫೇಲ್. ಆಮೇಲೆ ಸೆನ್ಸರ್ ಬದಲಿಸಿದ. ಹೊಗೆಯನ್ನು ಶುದ್ಧಮಾಡುವ ಡಬ್ಬಿಯೊಂದು ಕೊಳವೆಯ ಮಧ್ಯೆ ಇರುತ್ತದಲ್ಲ, ಅದನ್ನೂ ಹೊಸದು ಹಾಕಿದ. ಊರು ಸುತ್ತಿಸಿ ತಂದು ತನ್ನದೇ ಮೀಟರ್ ಹಿಡಿದು ನೋಡಿದರೆ ಎಲ್ಲ ಮಿತಿಯೊಳಗೇ ಇದೆ! ತಲೆ ಕೆರೆದುಕೊಳ್ಳುತ್ತ ಕೇಳಿದ:

"ಯಜಮಾನ್ರೇ, ಇಲ್ಲಿ ಗಾಡಿ ಚಿನ್ನದಂಗಿದೆ. ಅಲ್ಲಿ ಹೋದ್ರೆ ಅದಕ್ಕೇನ್ ಬರುತ್ತೆ? ಕ್ಯೂನಲ್ಲಿ ಎಷ್ಟ್ ಹೊತ್ತು ನಿಲ್ತೀರಾ?"

"ಎರಡು ಗಂಟೆ."

"ಎಂಜಿನ್ ಆನ್ ಇರುತ್ತೆ ತಾನೇ?"

"ಇಲ್ಲಪ್ಪ, ಬೋರ್ಡ್ ಹಾಕಿದಾರಲ್ಲ. ಆಫ್ ಮಾಡಿ ತಳ್ಕೊಂಡು ಹೋಗ್ತೀನಿ."

ಅವನು ಸ್ಪ್ಯಾನರ್ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ. "ಅಯ್ಯೋ, ಆ ಡಬ್ಬಿ ಕಾದ್ರೆ ತಾನೇ ಕೆಲಸ ಮಾಡೋದು! ತಣ್ಣಗಿದ್ರೆ ಹೊಸಾ ಕಾರೂ ಫೇಲೇ."

ಮಾನ್ಯರೇ, ನನಗೆ ನಾಚಿಕೆಯಾಯಿತು. ಮೂವತ್ತು ವರ್ಷ ಬಣ್ಣದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡವನು ನಾನು. ತಣ್ಣನೆಯ ಒಲೆ ಹೊಗೆಯುಗುಳುತ್ತದೆ, ಕಾದ ಮೇಲೆ ತಿಳಿಯಾಗುತ್ತದೆ ಎಂದು ಹೊಸಬರಿಗೆ ಕಲಿಸಿದವನು. ಸರ್ಕಾರಿ ಬೋರ್ಡು ಕಂಡ ಕೂಡಲೇ ಕಲಿತದ್ದನ್ನೆಲ್ಲ ಗೇಟಿನ ಹೊರಗೆ ಬಿಟ್ಟು ಒಳಗೆ ಹೋದೆ. ನಿಮ್ಮ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

ಮೂರನೆಯ ಸಲ ಎಂಜಿನ್ ಆರಿಸಲಿಲ್ಲ. ಕಾವಲುಗಾರ ಓಡಿಬಂದು ಬಾನೆಟ್ ತಟ್ಟಿದ. "ಬೋರ್ಡ್ ಓದಕ್ಕೆ ಬರಲ್ವಾ? ಆಫ್ ಮಾಡ್ತೀರೋ, ಹೊರಗೆ ಹೋಗ್ತೀರೋ?" ದಮ್ಮಯ್ಯ ಎಂದರೂ ಕೇಳಲಿಲ್ಲ. ಆರಿಸಿದೆ. ಯಂತ್ರದ ಕೋಣೆ ತಲುಪಿದಾಗ ಅಲ್ಲಿ ಗೋಡೆಯ ಮೇಲೆ ಚೌಕಟ್ಟು ಹಾಕಿದ ನಿಯಮಾವಳಿ ಕಂಡಿತು. ಮೂರನೆಯ ನಿಯಮ: 'ತಪಾಸಣೆಗೆ ಮುನ್ನ ಎಂಜಿನ್ ಪೂರ್ಣವಾಗಿ ಕಾದಿರತಕ್ಕದ್ದು.' ಹೊರಗಿನ ಬೋರ್ಡಿಗೂ ಇದಕ್ಕೂ ಮೂವತ್ತು ಹೆಜ್ಜೆ ದೂರ. ಎರಡರ ಕೆಳಗೂ ತಮ್ಮದೇ ಸಹಿ!

ಯಂತ್ರದ ಹುಡುಗಿಗೆ ಬೆರಳು ಮಾಡಿ ತೋರಿಸಿದೆ. "ಐದು ನಿಮಿಷ ಓಡಲಿ, ಕಾಯಲಿ ತಾಯಿ," ಎಂದೆ.

ಅವಳು ದನಿ ತಗ್ಗಿಸಿದಳು. "ನಂಗೂ ಗೊತ್ತು ಸಾರ್. ಒಂದು ಗಾಡಿಗೆ ನಾಲ್ಕೇ ನಿಮಿಷ ಕೊಟ್ಟಿದಾರೆ. ಮಶೀನ್ ಏನ್ ಹೇಳುತ್ತೋ ಅದನ್ನ ಬರೀತೀನಿ."

ಬರೆದಳು. ಮೂರು ಸಲ ಫೇಲಾದ್ದಕ್ಕೆ ಕೆಂಪು ಚೀಟಿ ಅಂಟಿತು. ಇನ್ನು ಕಾರು ರಸ್ತೆಗಿಳಿಯುವಂತಿಲ್ಲ, ಮೇಲ್ಮನವಿಯ ವಿಚಾರಣೆ ಮೂರು ತಿಂಗಳ ನಂತರ. ಅದೇ ದಿನ ಸಂಜೆ, ಸರದಿಯೆಲ್ಲ ಕರಗಿದ ಮೇಲೆ, ನನ್ನದಕ್ಕಿಂತ ಹಳೆಯ ವ್ಯಾನೊಂದು ರಸ್ತೆಯಿಂದ ಸೀದಾ ಬಿಸಿಬಿಸಿಯಾಗಿ ಒಳಗೆ ಹೋಗಿ ಪಾಸಾಗಿ ಬಂದದ್ದನ್ನು ಕಣ್ಣಾರೆ ಕಂಡೆ. ನಾನು ಲಂಚದ ಆರೋಪ ಮಾಡುತ್ತಿಲ್ಲ. ಲಂಚವಾಗಿದ್ದರೆ ಬೈದು ಸಮಾಧಾನ ಪಟ್ಟುಕೊಳ್ಳುತ್ತಿದ್ದೆ. ಬೆಳಗ್ಗೆಯೇ ಬಂದು ಹೇಳಿದಂತೆ ಕೇಳಿದವನಿಗೆ ಶಿಕ್ಷೆ, ತಡವಾಗಿ ಬಂದವನಿಗೆ ಪಾಸು. ಇದು ಯಾವ ಪರಿಸರದ ರಕ್ಷಣೆ? ನೀವು ಅಳೆಯುತ್ತಿರುವುದು ಹೊಗೆಯನ್ನೋ, ಜನರ ವಿಧೇಯತೆಯನ್ನೋ? ಎರಡು ಬೋರ್ಡಿಗೂ ಸಹಿ ಹಾಕುವಾಗ ಒಂದನ್ನಾದರೂ ಓದಿದ್ದಿರಾ?

ಚೀಟಿ ಕಿತ್ತೆಸೆದು ಗಾಡಿ ಹೊರಡಿಸೋಣ ಎಂದೆ. ಹೆಂಡತಿ ಒಪ್ಪಲಿಲ್ಲ. "ಬೇಡ ರೀ. ನಾನೇ ಕೇಳಿ ತರಿಸಿದ ಕಾನೂನು. ನಾನೇ ಮುರಿದ್ರೆ ಆ ನಾನೂರು ಜನಕ್ಕೆ ಏನಂತ ಮುಖ ತೋರಿಸ್ಲಿ?" ಎಂದಳು. ನಿಮ್ಮ ಕಾನೂನಿಗೆ ಇಷ್ಟು ಮರ್ಯಾದೆ ಕೊಡುವ ಇನ್ನೊಬ್ಬರು ಈ ಊರಲ್ಲಿದ್ದರೆ ತೋರಿಸಿ, ಸ್ವಾಮಿ. ಅಂಥವಳನ್ನೇ ನೀವು ಮನೆಯಲ್ಲಿ ಕೂರಿಸಿದ್ದೀರಿ.

ಆದ್ದರಿಂದ ಒತ್ತಾಯಿಸುತ್ತಿದ್ದೇನೆ. ಆ ಮೂರು ಫಲಿತಾಂಶಗಳನ್ನು ರದ್ದುಮಾಡಿ, ಕಾದ ಎಂಜಿನ್ನಿಗೆ ಈ ವಾರವೇ ಮರುತಪಾಸಣೆ ಕೊಡಿ. ಅಂಗಳದ ಬೋರ್ಡನ್ನು ಇಳಿಸಿ, ಇಲ್ಲವೇ ಕಾಯಿಸಲು ಸಮಯ ಕೊಡಿ. ನಂಬಿಕೆಯಿಲ್ಲವೆಂದರೆ ತಮ್ಮ ಸರ್ಕಾರಿ ಕಾರನ್ನು ಒಂದು ಬೆಳಗ್ಗೆ ಸರದಿಗೆ ತನ್ನಿ. ಎಂಜಿನ್ ಆರಿಸಿ. ತಳ್ಳಲು ನಾನೇ ಬರುತ್ತೇನೆ, ಅಭ್ಯಾಸವಾಗಿದೆ.

ಈ ಪತ್ರವನ್ನು ಮೇಜಿನಿಂದಲೇ ನನ್ನಾಕೆಗೆ ಕೇಳುವಂತೆ ಗಟ್ಟಿಯಾಗಿ ಓದಿ ಹೇಳಿದೆ. ಎರಡು ಬೈಗುಳ ತೆಗೆಸಿದಳು. ನಾನೂರ ಹದಿಮೂರನೆಯ ಸಹಿ ತನ್ನದಿರಲಿ ಎಂದು ಅಡುಗೆಮನೆಯಿಂದ ಎದ್ದು ಹೊರಟಳು. ಪತ್ರವನ್ನು ಅಲ್ಲಿಗೇ ತರುತ್ತೇನೆಂದರೂ ಕೇಳಲಿಲ್ಲ. ಅಲ್ಲಿಂದ ಈ ಮೇಜಿಗೆ ಇಪ್ಪತ್ತೆರಡು ಹೆಜ್ಜೆ. ದಾರಿಯಲ್ಲಿ ಎರಡು ಸಲ ಕುಳಿತಳು.

ಇಂತಿ,
ತಮ್ಮ ಕಡತದಲ್ಲಿ ಮೂರು ಬಾರಿ ಊರು ಕೆಡಿಸಿದವನೆಂದು ದಾಖಲಾಗಿರುವ ಒಬ್ಬ ನಿವೃತ್ತ ಬಾಯ್ಲರ್ ನೌಕರ,
ಮತ್ತು, ಸ್ವಲ್ಪ ತಡವಾಗಿ, ಅವನ ಹೆಂಡತಿ