ಆ ಹುಡುಗಿ ಮನೆಗೆ ಬಂದದ್ದನ್ನು ಟೀವಿಯಲ್ಲೇ ತೋರಿಸಿ

ಟೀವಿ ಚಾನೆಲ್ಲುಗಳಿಗೆ ಕಟ್ಟಳೆ ಬರೆಯುವ ಹಿರಿಯ ಅಧಿಕಾರಿಗಳೇ,

ಟೀವಿಯಲ್ಲಿ ಶುರುವಾದ ಧಾರಾವಾಹಿಯನ್ನು ನಡುವೆಯೇ ಎತ್ತಿಕೊಂಡು ಹೋಗಿ, ‘ಮುಂದಿನ ಕತೆ ನಮ್ಮ ಆ್ಯಪಿನಲ್ಲಿ ಮಾತ್ರ’ ಎನ್ನಲು ಚಾನೆಲ್ಲಿನವರಿಗೆ ಅಪ್ಪಣೆ ಕೊಟ್ಟವರು ಯಾರು? ನೀವು ಕೊಡಲಿಲ್ಲವೆಂದಾದರೆ, ತಡೆಯಲಿಲ್ಲ ಯಾಕೆ? ನನ್ನ ದೂರು ಇಷ್ಟೇ.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಒಂದು ಕಡೆ ನಿಲ್ಲುವ ಜಾಯಮಾನವಲ್ಲ. ಇದ್ದದ್ದನ್ನು ಇದ್ದಂತೆ ಹೇಳಿ ಎರಡು ಕಡೆ ಕೆಲಸವನ್ನೂ ಕಳೆದುಕೊಂಡೆ. ಕೇಬಲ್ ಎಳೆಯಲು ಕೊಣನೂರಿನ ಕಂಬಗಳನ್ನು ಹತ್ತಿದ್ದೇನೆ. ಈಗ ಹೊಳೆನರಸೀಪುರದಿಂದ ತೆಂಗಿನಕಾಯಿ ಲೋಡು ಓಡಿಸುತ್ತೇನೆ. ಕೇಬಲ್ ಎಳೆದವನಾದ್ದರಿಂದ, ಚಾನೆಲ್ಲುಗಳನ್ನು ಕಟ್ಟಿ ಮಾರುವ ನಿಮ್ಮ ‘ಪ್ಯಾಕ್’ ಮಹಿಮೆ ನನಗೆ ಹೊಸದಲ್ಲ. ನಮ್ಮ ಬೀದಿಗೆ ಬೇಕಾಗಿದ್ದದ್ದು ಒಂದು ಕನ್ನಡ ಚಾನೆಲ್. ಅದರ ಜೊತೆಗೆ ತಿಳಿಯದ ಭಾಷೆಯ ವಾರ್ತೆ, ನಾವು ಕಂಡರಿಯದ ಗಾಲ್ಫ್ ಆಟ, ಎಲ್ಲವನ್ನೂ ಕಟ್ಟಿ ಕೊಟ್ಟರು. ಸೊಪ್ಪು ಕೇಳಿದವಳ ತಲೆಗೆ ಸಂತೆಯನ್ನೇ ಹೊರಿಸಿದ ಹಾಗೆ. ಒಳಗೆ ಸೊಪ್ಪಿದೆಯಲ್ಲ ಎಂದು ಹೊತ್ತೆವು. ಇಂಟರ್ನೆಟ್ ಬಂತು, ಇನ್ನು ಕಟ್ಟು ಬಿಚ್ಚುತ್ತದೆ ಎಂದರು. ಬಿಚ್ಚಿತು ನಿಜ. ಸೊಪ್ಪನ್ನು ಆ್ಯಪಿನವರು ಒಯ್ದರು, ಗಾಲ್ಫ್ ನಮಗೆ ಉಳಿಯಿತು. ಈಗ ಆ್ಯಪುಗಳನ್ನೂ ರೀಚಾರ್ಜಿನ ಜೊತೆ ಕಟ್ಟಿ ಮಾರುತ್ತಿದ್ದಾರೆ. ಬಿಚ್ಚಿದ ಹುರಿಯಿಂದಲೇ ಹೊಸ ಕಟ್ಟು! ಇದಕ್ಕೆ ಪ್ರಗತಿ ಎಂಬ ಹೆಸರಂತೆ.

ನಮ್ಮ ಬೀದಿಯಲ್ಲೊಂದು ಪದ್ಧತಿಯಿದೆ. ಸಾವಾದ ಮನೆಯಲ್ಲಿ ತಿಥಿ ಮುಗಿಯುವವರೆಗೆ ಟೀವಿ ಹಾಕುವುದಿಲ್ಲ. ತಿಥಿಯ ಮರುದಿನ ಬೀದಿಯ ಹೆಂಗಸರು ಎಲೆ ಅಡಿಕೆ ಹಿಡಿದು ಬಂದು, ಆ ಮನೆಯವರು ನೋಡದೆ ಬಿಟ್ಟ ಧಾರಾವಾಹಿಯ ಕತೆಯನ್ನೆಲ್ಲ ಒಪ್ಪಿಸುತ್ತಾರೆ. ನಗಬೇಡಿ. ಗಂಡ ಸತ್ತಾಗ ಎದುರು ಮನೆಯ ಮಾರಮ್ಮ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ನನ್ನ ಅಕ್ಕ ಧನಲಕ್ಷ್ಮಿ ಸೆರಗು ಬಿಗಿದು, ಸೊಸೆಯನ್ನು ಮನೆಯಿಂದ ಹೊರಗೆ ತಳ್ಳುವ ಅತ್ತೆಯಂತೆಯೇ ಆಡಿ ತೋರಿಸಿದಳು. ಮಾರಮ್ಮ ತಟ್ಟನೆ, “ಆ ಮುಂಡೇದ್ರ ಕೈ ಸೇದೋಗ!” ಎಂದಳು. ಗಂಡ ಹೋದ ಮೇಲೆ ಅವಳಾಡಿದ ಮೊದಲ ಮಾತು ಅದು. ಬೈಯುತ್ತ ಬೈಯುತ್ತಲೇ ಅತ್ತಳು. ಆಮೇಲೆ ಊಟ ಮಾಡಿದಳು.

ಈ ವರ್ಷ ಕಾಮಾಲೆ ಬಂದು ನನ್ನ ಅಕ್ಕನೇ ಹೋದಳು. ಆಗ ಬರುತ್ತಿದ್ದ ಧಾರಾವಾಹಿಯಲ್ಲಿ ಒಬ್ಬ ಹುಡುಗಿ ಮುನಿಸಿಕೊಂಡು ಮನೆ ಬಿಟ್ಟಿದ್ದಳು. ತಾಯಿ ಬಾಗಿಲಲ್ಲೇ ಕಾಯುತ್ತಿದ್ದಳು. ಅವ್ವನೂ ಅಕ್ಕನೂ ಅದನ್ನು ದಿನವೂ ಒಟ್ಟಿಗೆ ನೋಡುತ್ತಿದ್ದರು. ನಮ್ಮ ಮನೆಯ ಟೀವಿ ಆರಿಸಿಟ್ಟಿದ್ದ ಆ ದಿನಗಳಲ್ಲೇ ಧಾರಾವಾಹಿ ಆ್ಯಪಿಗೆ ಹೋಯಿತು. ತಿಥಿಯ ಮರುದಿನ ಹೆಂಗಸರು ಬಂದರು. ಕೂತರು. ಎಲೆಗೆ ಸುಣ್ಣ ಹಚ್ಚಿದ್ದೇ ಹಚ್ಚಿದ್ದು.

“ಆ ಹುಡ್ಗಿ ಮನೆಗ್ ಬಂದ್ಲೇನವ್ವಾ?” ಅವ್ವ ಕೇಳಿದ್ದು ಅದೊಂದೇ.

“ಏನೇಳಾನ ಲಕ್ಷ್ಮಿದೇವಮ್ಮ, ಟೀವೀಲಿ ನಿಲ್ಲುಸ್ಬುಟ್ರು ಕಣವ್ವ,” ಎಂದಳು ಪಕ್ಕದ ಮನೆಯ ಶಿವಗಂಗಮ್ಮ. “ನಮ್ಮುಡುಗನ್ ಮೊಬೈಲ್ನಾಗೆ ಅದಂತೆ. ಮುಟ್ಟಿದ್ರೆ ಅಂಗೇ ಕಚ್ಚಕ್ ಬತ್ತಾನೆ.”

ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ಎದ್ದು ಹೋದರು. ಒಪ್ಪಿಸಲು ಕತೆಯಿಲ್ಲದ ಮೇಲೆ ಸಾವಿನ ಮನೆಯಲ್ಲಿ ಏನಂತ ಕೂರುತ್ತಾರೆ?

‘ಯಾವಾಗ ಬೇಕಾದರೂ ನೋಡಿ’ ಎನ್ನುತ್ತದೆ ಆ್ಯಪಿನ ಜಾಹೀರಾತು. ಯಾವಾಗ ಬೇಕಾದರೂ ಎಂದರೆ ಒಟ್ಟಿಗೆ ಯಾವಾಗಲೂ ಇಲ್ಲ ಎಂದೇ ಅಲ್ಲವೇ? ಒಬ್ಬರು ಮೊದಲು, ಒಬ್ಬರು ಆಮೇಲೆ, ಇನ್ನೊಬ್ಬರು ಬೇರೆಯದೇ ಕತೆ ನೋಡುವ ಬೀದಿಯಲ್ಲಿ ಯಾರು ಯಾರಿಗೆ ಏನು ಒಪ್ಪಿಸಬೇಕು?

ಚನ್ನರಾಯಪಟ್ಟಣದಲ್ಲಿ ಲೋಡು ಇಳಿಯುವವರೆಗೆ ನಾನೇ ಆ್ಯಪ್ ಹಾಕಿಸಿಕೊಂಡು ಕಡೆಯ ಕಂತುಗಳನ್ನು ನೋಡಿದೆ. ಮನೆಗೆ ಬಂದು, “ಬಂದ್ಲು ಕಣವ್ವ, ಆ ಹುಡ್ಗಿ ಬಂದ್ಲು” ಎಂದೆ.

“ಅಷ್ಟೇನ್ಲಾ?”

“ಊಂ. ಬಂದ್ಲು. ಅವ್ರವ್ವ ಅತ್ಲು.”

“ನಿಮ್ಮಕ್ಕ ಆಗಿದ್ರೆ ಬಾಗ್ಲು ಕಿರ್ ಅನ್ನೋದ್ನೂ ಮಾಡಿ ತೋರುಸ್ತಿದ್ಲು,” ಎಂದಳು ಅವ್ವ. ಆಮೇಲೆ ಕೇಳಿದಳು, “ಮಾರಮ್ಮುಂಗೆ ಗೊತ್ತಾ?”

“ಇಲ್ಲ.”

“ಅಂಗಾರೆ ಯೋಳ್ಬ್ಯಾಡ ಕಣ್ಲಾ. ಟೀವೀಲಿ ಬಂದಾಗ ಎಲ್ರೂ ಕೂತ್ಕೊಂಡು ನೋಡಾನ.”

ಅಂದಿನಿಂದ ದಿನವೂ ಸಂಜೆ, ಧಾರಾವಾಹಿ ಬರುತ್ತಿದ್ದ ಹೊತ್ತಿಗೇ, ಅವ್ವ ಟೀವಿ ಹಾಕುತ್ತಾಳೆ. ಅದೇ ಚಾನೆಲ್. ಈಗ ಅಲ್ಲಿ ಯಾರೋ ಕುಣಿಯುತ್ತಿರುತ್ತಾರೆ. ಜಾಹೀರಾತು ಮುಗಿಯುವವರೆಗೂ ನೋಡಿ, ಬಾಗಿಲ ಕಡೆ ಒಮ್ಮೆ ತಿರುಗಿ, ಆರಿಸುತ್ತಾಳೆ.

ಸ್ವಾಮಿ, ನಾನು ರಿಯಾಯಿತಿ ಕೇಳುತ್ತಿಲ್ಲ, ಆ್ಯಪ್ ಮುಚ್ಚಿಸಿ ಎನ್ನುತ್ತಲೂ ಇಲ್ಲ. ಟೀವಿಯಲ್ಲಿ ಶುರುವಾದ ಕತೆ ಟೀವಿಯಲ್ಲೇ ಮುಗಿಯಬೇಕು ಎಂದು ಒಂದು ಸಾಲಿನ ನಿಯಮ ಬರೆಯಿರಿ. ಆ ಧಾರಾವಾಹಿಯ ಉಳಿದ ಕಂತುಗಳನ್ನು, ಹಳೆಯ ಹೊತ್ತಿಗೇ, ತೋರಿಸುವಂತೆ ಮಾಡಿ. ಅದು ಇನ್ನು ಟೀವಿಯಲ್ಲಿ ಬರುವುದಿಲ್ಲ ಎಂದು ನಾನಿನ್ನೂ ತಿಳಿಸಿಲ್ಲ. ಅವ್ವನ ಮುಂದೆ ನಾನು ಸುಳ್ಳು ಹೇಳಿಲ್ಲ, ಸುಮ್ಮನಿದ್ದೇನೆ ಅಷ್ಟೆ. ನನ್ನ ಮೌನವನ್ನು ಸುಳ್ಳು ಮಾಡಬೇಡಿ.

ಇಂತಿ,
ಕತೆ ಗೊತ್ತಿದ್ದೂ ಒಪ್ಪಿಸಲು ಬಾರದ,
ಧನಲಕ್ಷ್ಮಿಯ ತಮ್ಮ ಭೀಮ
ಕೊಣನೂರು