ನೀಲವ್ವನ ಕಾರ್ಡಿನಲ್ಲಿ ಬಂದ ಗೌರವ್ವ

ಇಸವಿ ೨೧೬೩, ಕಾರ್ತಿಕ ಮೂವತ್ತಮೂರು.

ತಾಲೂಕು ಆಸ್ಪತ್ರೆಯ ನರ್ಸ್ ಶಕುಂತಲಾ ಹೂಗಾರಳಿಗೆ ಶಿವಗಂಗವ್ವ ಮಾಡುವ ಶರಣು.

ತಿಂಗಳಿಗೆ ಮೂವತ್ತಮೂರು ದಿನ ಎಲ್ಲಿಂದ ಬಂತು ಎಂದು ಕೇಳಬೇಡ. ನಮ್ಮ ಕಾಲದ ಜಾಣರು ಪಂಚಾಂಗವನ್ನೂ ಬಿಟ್ಟಿಲ್ಲ, ಹಿಂದಿನ ಕಾಲಕ್ಕೆ ಕಾಗದ ಮುಟ್ಟಿಸುವ ಅಂಚೆಯನ್ನೂ ತೆರೆದಿದ್ದಾರೆ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ನಾನು ಓದಿದ್ದು ಊರ ಶಾಲೆಯ ನಾಲ್ಕನೇ ಇಯತ್ತೆ. ನೀನು ನನಗಿಂತ ತೊಂಬತ್ತು ವರ್ಷ ಮೊದಲು ಹುಟ್ಟಿದವಳು, ನಿಜ. ಆದರೂ ಎಪ್ಪತ್ತೆಂಟರ ಮುದುಕಿ ಮೂವತ್ತರ ಹುಡುಗಿಗೆ ‘ತಾವು’ ಎನ್ನಲಾರೆ.

ಇಲ್ಲಿ ಪ್ರತಿಯೊಬ್ಬರಿಗೂ ಒಂದು ಮೈದಫ್ತರ ಇದೆ. ನಮ್ಮ ಮೈಗೆ ಆದದ್ದು, ಹಿಂದಿನ ಐದು ತಲೆಮಾರಿನವರ ಮೈಗೆ ಆದದ್ದು, ಎಲ್ಲ ಅದರಲ್ಲಿ. ಬಾಗಿಲಲ್ಲಿ ಹೊಸ್ತಿಲಗಣ್ಣು ಎಂಬ ಗಾಜಿನ ಬಿಲ್ಲೆ ಹೂತಿರುತ್ತಾರೆ. ದಾಟಿದವರ ನಾಡಿ ನೋಡಿ ಅದು ಆಸ್ಪತ್ರೆಗೆ ಸುದ್ದಿ ಮುಟ್ಟಿಸುತ್ತದೆ. ಮೊನ್ನೆ ನಾನು ಕದ್ದು ತಿಂದ ನಾಲ್ಕು ಮಿರ್ಚಿ ಭಜಿಯನ್ನೂ ಹೇಳಿಬಿಟ್ಟಿತು, ಚಾಡಿಕೋರ. ಆದರೂ ಅದರಿಂದ ಎಷ್ಟೋ ಜೀವ ಉಳಿದಿವೆ, ಇಲ್ಲವೆನ್ನಲಾರೆ.

ಆ ದಫ್ತರದ ಬುಡ ನೀನು. ಆಸ್ಪತ್ರೆಗೆ ಕಂಪ್ಯೂಟರ್ ಬಂದ ಹೊಸದರಲ್ಲಿ ರಿಜಿಸ್ಟರಿನಲ್ಲೂ ಬರೆದು, ಅದನ್ನೇ ಮತ್ತೆ ಕುಟ್ಟಿ ಏರಿಸುತ್ತಿದ್ದೆ. ನನ್ನ ಮುತ್ತಜ್ಜಿ ಗೌರವ್ವ ಹೊಟ್ಟೆ ಹಿಡಿದುಕೊಂಡು ಬಂದ ದಿನ ನೀನು ಅರವತ್ತೆರಡು ಜನರನ್ನು ಏರಿಸಿದ್ದೀ. ನಡುವೆ ಎರಡು ಸಲ ಕರೆಂಟು ಹೋಗಿದೆ. ಗೌರವ್ವ ಹೊಸ ಸೊಸೆ, ಅವಳ ಆಸ್ಪತ್ರೆ ಕಾರ್ಡು ತವರಿನಲ್ಲೇ ಉಳಿದಿತ್ತು. ಅವಳ ಅತ್ತೆ ತನ್ನ ದೊಡ್ಡ ಸೊಸೆ ನೀಲವ್ವನ ಕಾರ್ಡನ್ನು ನಿನ್ನ ಕೈಗೆ ತುರುಕಿದಳು. ನೀನು ಫೋಟೋ ನೋಡಿದೆ, ಗೌರವ್ವನ ಮುಖ ನೋಡಿದೆ.

“ಇಬ್ರೂ ಒಂದೇ ಮನಿ ಸೊಸೆಂದ್ರು ಬಿಡವಾ, ಯಾರ್ ಕಾರ್ಡಾದ್ರೇನು?” ಎಂದಳಂತೆ ಅತ್ತೆ.

“ನಾ ಏನೂ ನೋಡಿಲ್ಲ, ಮೊದ್ಲು ಒಳಗ ನಡೀರಿ” ಎಂದೆಯಂತೆ ನೀನು.

ನಿನ್ನ ಹೊಟ್ಟೆ ತಣ್ಣಗಿರಲಿ. ಅಪೆಂಡಿಕ್ಸ್ ಒಡೆಯುವುದರಲ್ಲಿತ್ತು, ಅಂದು ಹಿಂದಕ್ಕೆ ಕಳಿಸಿದ್ದರೆ ಅವಳು ದಾರಿಯಲ್ಲೇ ಹೋಗುತ್ತಿದ್ದಳು, ನಾನು ಹುಟ್ಟುತ್ತಲೇ ಇರಲಿಲ್ಲ. ಆದರೆ ಅರಿವಳಿಕೆ ಮದ್ದು ಕೊಟ್ಟೊಡನೆ ಅವಳ ದವಡೆ ಕಚ್ಚಿಕೊಂಡು, ಮೈ ಕಾದ ಹಂಚಾಯಿತು. ಐಸಿನಲ್ಲಿ ಮಲಗಿಸಿ ಉಳಿಸಿದಿರಿ. ಆ ಮದ್ದು ಕೆಲವರ ರಕ್ತಕ್ಕೇ ಆಗುವುದಿಲ್ಲವಂತೆ, ಮಕ್ಕಳು ಮೊಮ್ಮಕ್ಕಳಿಗೂ ಇಳಿಯುತ್ತದಂತೆ. ಅದೆಲ್ಲ ನೀಲವ್ವನ ಹೆಸರಿಗೆ ಏರಿತು. ನೀಲವ್ವನ ವಂಶಕ್ಕೆ ಆ ಮದ್ದು ಕೂಡದೆಂಬ ಕೆಂಪು ಗುರುತು ಬಿತ್ತು, ನಮಗೆ ಅಡ್ಡಿಯಿಲ್ಲವೆಂಬ ಹಸಿರು.

ನನ್ನ ತಮ್ಮ ಗುರುಪಾದ ಹತ್ತೊಂಬತ್ತಕ್ಕೆ ಕಬಡ್ಡಿಯಲ್ಲಿ ಕಾಲು ಮುರಿದುಕೊಂಡ. ನಮ್ಮಜ್ಜಿ, ಗೌರವ್ವನ ಮಗಳು, ಆಪರೇಷನ್ ಕೋಣೆಯ ಬಾಗಿಲಿಗೆ ಅಡ್ಡ ನಿಂತು “ನಮ್ಮವ್ವಗ ಆ ಮದ್ದು ಆಗಿರ್ಲಿಲ್ಲೋ ಯಪ್ಪಾ” ಎಂದು ಬಡಿದುಕೊಂಡಳು. ಡಾಕ್ಟರು ದಫ್ತರ ತಿರುವಿ, “ಇಲ್ಲೇನೂ ಇಲ್ಲಲ್ಲಬೇ ಅಜ್ಜಿ, ಹಸಿರೈತಿ” ಎಂದ. ಎರಡು ತಾಸಿಗೆ ಹುಡುಗನ ಹೆಣ ಕೊಟ್ಟರು. ಮುಟ್ಟಿದರೆ ಇನ್ನೂ ಸುಡುತ್ತಿತ್ತು.

ಹೋದ ತಿಂಗಳು ನನ್ನ ಮೊಮ್ಮಗಳ ಆಪರೇಷನ್ನಿಗೆ ನಾನೇ ಬಾಗಿಲಿಗೆ ಅಡ್ಡ ಕೂತೆ. ಈ ಡಾಕ್ಟರೂ ದಫ್ತರ ತೋರಿಸಿದ. “ದಫ್ತರಕ್ಕ ಅಜ್ಜಿ ಇದ್ದಾಳೇನೋ, ಹಿಂದಿಂದು ಹೇಳಾಕ? ನನಗ ಇದ್ಲು” ಎಂದೆ. ಪುಣ್ಯಾತ್ಮ ಕೇಳಿದ. ಪರೀಕ್ಷೆ ಮಾಡಿಸಿದ, ನಿಜವಾಯಿತು, ಬೇರೆ ಮದ್ದು ಕೊಟ್ಟ. ಮೊಮ್ಮಗಳು ಉಳಿದಳು. ನೀಲವ್ವನ ವಂಶದ್ದು, ನಮ್ಮದು, ಎರಡೂ ಕಡೆಯ ಗುರುತುಗಳನ್ನೂ ತಿದ್ದಿದರು. ತಮ್ಮನ ಪಾಲಿಗೆ ಐವತ್ತಾರು ವರ್ಷ ತಡವಾಯಿತು.

ಅದಕ್ಕೇ ಬರೆಯುತ್ತಿದ್ದೇನೆ. ಈ ಕಾಗದ ಮುಟ್ಟುವಾಗ ಗೌರವ್ವ ಇನ್ನೂ ನಿನ್ನ ವಾರ್ಡಿನಲ್ಲೇ ಇದ್ದರೆ, ಮನೆಗೆ ಕಳಿಸುವ ಮೊದಲು ಹತ್ತಿರ ಕೂತು ಅವಳ ಹೆಸರು ಕೇಳು. ಹೆದರುತ್ತಾಳೆ, ಗದರಿಸಬೇಡ. ನಿನ್ನ ಪರದೆಯ ಕೊನೆಯಲ್ಲಿ ‘ಇತರೆ’ ಎಂಬ ಖಾನೆ ಇದೆ, ನೀವು ಯಾರೂ ಅದನ್ನು ತುಂಬುವುದಿಲ್ಲ. ಅಲ್ಲಿ ಬರೆ: ಮಲಗಿದ್ದವಳು ನೀಲವ್ವ ಅಲ್ಲ, ಗೌರವ್ವ. ಅಷ್ಟು ಮಾಡಿದರೆ ನನ್ನ ತಮ್ಮ ಕುಂಟುತ್ತಲಾದರೂ ಮನೆಗೆ ಬರುತ್ತಾನೆ.